ತುಂಬಿದ ಉಡಿ, ನಿಲ್ಲದ ಕಾಲು

ಲಕ್ಷ್ಮೇಶ್ವರದ ನನ್ನ ಗಂಡನ ಮನೆಯ ಪಡಸಾಲೆಯಲ್ಲಿ ಅಂದು ನನ್ನ ಕುಬಸ. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಮಣೆಯ ಮೇಲೆ ಕೂಡಿಸಿ ಉಡಿ ತುಂಬುವ ಕಾರ್ಯ. ಮಣೆಯ ಮೇಲೆ ನಾನು. ಎದುರಿಗೆ ಆರತಿ ತಟ್ಟೆ ಅಣಿಮಾಡುತ್ತಿದ್ದ ನಮ್ಮತ್ತೆ. ಅವರ ಬಲಕ್ಕೆ ಕಂಬಕ್ಕೆ ಬೆನ್ನು ಕೊಟ್ಟು ಕೂತವರು ಮಾವನವರ ಅಕ್ಕ. ಅವರನ್ನು ಮನೆಮಂದಿಯೆಲ್ಲ ದೊಡ್ಡವ್ವ ಅನ್ನುತ್ತಿದ್ದರು, ಮಾವನವರೂ ಅವರೆದುರು ದನಿ ಏರಿಸಿದವರಲ್ಲ. ಎಡಕ್ಕೆ, ಮುಂಜಾನೆಯ ಬಸ್ಸಿಗೆ ಬೆಟಗೇರಿಯಿಂದ ಬಂದಿಳಿದ ನನ್ನ ಅವ್ವ ಮತ್ತು ಅವ್ವನ ಅವ್ವ, ನಮ್ಮ ಆಯಿ. ಅಡುಗೆಮನೆಯ ಬಾಗಿಲಲ್ಲಿ, ಒಳಗೂ ಅಲ್ಲ ಹೊರಗೂ ಅಲ್ಲ ಅನ್ನುವಂತೆ, ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ನೆಗೆಣ್ಣಿ, ನಿಂತಿದ್ದಳು. ಉಳಿದವರು ಓಣಿಯ ಹೆಂಗಸರು, ಹಾಡಲು ಬಂದವರು. ಗಂಡಸರನ್ನೆಲ್ಲ ಅಂಗಡಿಗೆ ಅಟ್ಟಿಯಾಗಿತ್ತು.

ಹಾಡು ಶುರುವಾಯಿತು. ಅದರ ಬೆನ್ನಿಗೇ ನನ್ನ ಕಾಲೂ ಶುರುವಾದವು.

ಅದು ಏನು ಎಂದು ಹೇಳುವುದು ಕಷ್ಟ. ನೋವು ಅಂದರೆ ನೋವಲ್ಲ, ಉರಿ ಅಂದರೆ ಉರಿಯಲ್ಲ. ಮೀನಖಂಡದೊಳಗೆ ಯಾರೋ ಹಸಿ ನೂಲನ್ನು ನಿಧಾನವಾಗಿ ಎಳೆಯುತ್ತಿದ್ದಾರೆ ಅನ್ನಿಸುವುದು. ಆಡಿಸು, ಆಡಿಸು ಎಂದು ಒಳಗಿನಿಂದಲೇ ತಿವಿತ. ಆಡಿಸಿದರೆ ಆ ಗಳಿಗೆಗೆ ಸಮಾಧಾನ, ನಿಲ್ಲಿಸಿದರೆ ಮತ್ತೆ ಅದೇ. ನಡೆಯುವಾಗ, ಕೆಲಸ ಮಾಡುವಾಗ ಏನೂ ಇಲ್ಲ. ಕೂತರೆ, ಮಲಗಿದರೆ, ಅದರಲ್ಲೂ ಹೊತ್ತು ಇಳಿದ ಮೇಲೆ, ಕಾಲು ನನ್ನವಲ್ಲ. ಈಗ ಇದಕ್ಕೊಂದು ಇಂಗ್ಲಿಷ್ ಹೆಸರಿದೆಯಂತೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಆ ಕಾಲಕ್ಕೆ ನಮ್ಮ ಮನೆಯಲ್ಲಿ ಇದಕ್ಕಿದ್ದ ಹೆಸರು 'ಅಕಿ ಕಾಲಿನ ಚಾಳಿ'.

ಚಾಳಿ ಅಂದರೆ ಬೇಕೆಂದೇ ಮಾಡುವುದು. ಕೂತಲ್ಲಿ ಕಾಲು ಅಲುಗಿಸಿದರೆ ಮನೆಯ ಲಕ್ಷ್ಮಿ ಎದ್ದು ಹೋಗುತ್ತಾಳೆ ಎಂಬುದನ್ನು ನಮ್ಮ ಸೀಮೆಯಲ್ಲಿ ಹಾಲು ಕುಡಿಯುವ ಕೂಸಿಗೂ ಹೇಳಿಕೊಟ್ಟಿರುತ್ತಾರೆ. ಬರೇ ಅಷ್ಟೇ ಆಗಿದ್ದರೆ ಬೈಗುಳ ತಿಂದು ಸುಮ್ಮನಿರಬಹುದಿತ್ತು. ಆದರೆ ಆ ಮನೆಗೆ ಇನ್ನೊಂದು ಹೆದರಿಕೆಯಿತ್ತು. ನನ್ನ ನೆಗೆಣ್ಣಿ ಮುಂಡರಗಿಯವಳು. ಅವಳ ಮೊದಲ ಬಸುರು, ತವರಿಗೆ ಬಸ್ಸಿನಲ್ಲಿ ಹೋಗಿಬಂದ ಆಸುಪಾಸಿನಲ್ಲೇ ಇಳಿದುಹೋಗಿತ್ತು. ಅಂದಿನಿಂದ ಅತ್ತೆಗೆ ಬಸುರಿಯ ಮೈ ಅಲುಗಿದರೆ ಎದೆ ಹಾರುತ್ತಿತ್ತು. ದೊಡ್ಡವ್ವ ಬಾಯಿಬಿಟ್ಟೇ ಅಂದಿದ್ದರು, ಇಷ್ಟು ಕಾಲಾಡಿಸುವವಳ ಹೊಟ್ಟೆಯಲ್ಲಿ ಕೂಸು ನಿಲ್ಲುವುದಿಲ್ಲ ಎಂದು. ಕೇಳಿ ಕೇಳಿ ನಾನೂ ನಂಬಿದ್ದೆ. ಕಾಲು ಒಮ್ಮೆ ಝಾಡಿಸಿದರೆ ಸಾಕು, ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗುತ್ತಿತ್ತು: ಇದೆಯೋ ಇಲ್ಲವೋ.

ಅತ್ತೆ ಮಾಡದ ಉಪಾಯವಿಲ್ಲ. ಔಡಲೆಣ್ಣೆ ಬೆಚ್ಚಗೆ ಮಾಡಿ ತಿಕ್ಕಿದರು. ಶಿರಹಟ್ಟಿಯಿಂದ ಯಾರೋ ಹಿರಿಯರು ಕಾಯಿಸಿಕೊಟ್ಟ ಎಣ್ಣೆ ತರಿಸಿದರು. ಅದರ ನಾತಕ್ಕೆ ನನ್ನ ಗಂಡ ಹಾಸಿಗೆ ಎತ್ತಿಕೊಂಡು ಅಟ್ಟ ಸೇರಿದರು. ತೌಡಿನ ಗಂಟು ಕಾಸಿ ಶಾಖ ಕೊಟ್ಟರು. ಯಾವುದೂ ನಾಟದಿದ್ದಾಗ ದೊಡ್ಡವ್ವನ ಮಾತಿನಂತೆ ಹಳೆಯ ಸೀರೆಯ ಅಂಚು ಹರಿದು ಮಲಗುವಾಗ ಎರಡೂ ಕಾಲು ಕೂಡಿಸಿ ಕಟ್ಟಿದರು. ಬಿಗಿದ ಗಂಟನ್ನು ಅತ್ತೆ ಮತ್ತೆ ಬಿಚ್ಚಿ ಸಡಿಲ ಮಾಡಿ ಕಟ್ಟುತ್ತಿದ್ದರು, ಅದನ್ನು ನಾನು ಕಂಡಿದ್ದೇನೆ. ಕಟ್ಟಿಸಿಕೊಂಡ ಮೇಲೆ ಏನಾಗುತ್ತಿತ್ತು ಎಂದು ಬರೆಯುವುದಿಲ್ಲ. ತಲೆದಿಂಬು ಕಚ್ಚುತ್ತಿದ್ದೆ, ಅಷ್ಟು ಸಾಕು.

ಇದರ ಮೇಲೆ ಪಥ್ಯ. ಎಳ್ಳು ಕಾವು, ಬೆಲ್ಲ ಕಾವು, ಸಜ್ಜೆ ರೊಟ್ಟಿ ಕಾವು. ಬಸುರಿಗೆ ಕಾವು ಆಗಬಾರದು. ಆದರೆ ಚಹಾಕ್ಕೆ ತಡೆಯಿರಲಿಲ್ಲ. ಸುಸ್ತು ಅಂದರೆ ಚಹಾ, ನಿದ್ದೆಗೆಟ್ಟೆ ಅಂದರೆ ಚಹಾ. ಹಾಲು ಮನೆಯ ಮಂದಿಗೇ ಸಾಲದ ದಿನ, ಡಿಕಾಕ್ಷನ್ನಿನಂಥ ಕರಿ ಚಹಾ.

ಈಗ ಕುಬಸದ ದಿನ ದೊಡ್ಡವ್ವ ಒಂದು ಗೆರೆ ಎಳೆದಿದ್ದರು. ಮಣೆಯ ಮೇಲೆ ಕಾಲು ಮಿಸುಕದಂತೆ ಕಾರ್ಯ ಮುಗಿಸಿಕೊಂಡರೆ ಬಾಣಂತನಕ್ಕೆ ಬೆಟಗೇರಿಗೆ ಕಳಿಸುವುದು. ಇಲ್ಲದಿದ್ದರೆ ಹಡೆಯುವ ತನಕ ಇಲ್ಲೇ, ಹಾಸಿಗೆಯಲ್ಲೇ, ಕಟ್ಟಿದ ಕಾಲಲ್ಲೇ. ಅವ್ವ ಅದನ್ನು ಬಂದಿಳಿದ ಮೇಲೆಯೇ ಕೇಳಿದ್ದು. ಬಳೆ ಇಡಿಸುವಾಗ ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿದು, ತಡಕೊ, ಇದೊಂದು ಹೊತ್ತು ತಡಕೊ ಎಂದು ಪಿಸುಗುಟ್ಟಿದಳು.

ನನ್ನನ್ನು ಹಿಡಿದುಕೊಟ್ಟದ್ದು ಸೀರೆ. ಬೆಟಗೇರಿಯ ನಮ್ಮ ಮನೆಯ ಮಗ್ಗದ್ದೇ, ಆಯಿಯ ಗಂಡ ನಮ್ಮಜ್ಜ ನೇಯ್ದದ್ದು. ಕುಬಸದ ಸೀರೆಯನ್ನು ನೀರಿಗೆ ಹಾಕದೆ ಉಡಿಸಬೇಕು. ಹೊಸ ಗಂಜಿಯ ಸೀರೆ ಕಾಗದದ ಹಾಗೆ ಸೆಟೆದು ನಿಂತಿತ್ತು. ಕಾಲಬೆರಳು ಅಲುಗಿದರೂ ಚರ್ ಎನ್ನುತ್ತಿತ್ತು. ಹಾಡಿನ ದನಿ ಏರಿದಾಗ ಕಾಲು ಆಡಿಸಿಕೊಳ್ಳುವುದು, ನುಡಿ ಮುಗಿದು ಉಸಿರು ಎಳೆದುಕೊಳ್ಳುವಾಗ ಬಿಗಿಹಿಡಿಯುವುದು, ಹೀಗೆ ಸ್ವಲ್ಪ ಹೊತ್ತು ಸಾಗಿಸಿದೆ. ದೊಡ್ಡವ್ವನ ಕಣ್ಣು ನನ್ನ ಸೀರೆಯ ನಿರಿಗೆಯ ಮೇಲೇ ಇತ್ತು.

ಆಯಿಗೆ ತಿಳಿಯಿತು. ಅರಿಷಿಣದ ಬಟ್ಟಲು ಹಿಡಿದು ನನ್ನ ಕಾಲ ಬುಡದಲ್ಲಿ ಬಂದು ಕೂತಳು. ಮುತ್ತೈದೆಯರು ಕಾಲಿಗೆ ಅರಿಷಿಣ ಹಚ್ಚುವುದು ಕಾರ್ಯದ ಭಾಗವೇ, ಯಾರೂ ಏನೂ ಅನ್ನುವಂತಿಲ್ಲ. ಅವಳು ಹಚ್ಚಲಿಲ್ಲ, ತಿಕ್ಕಿದಳು. ಮಗ್ಗದ ಕೆಲಸದಲ್ಲಿ ಗಟ್ಟಿಯಾದ ಹೆಬ್ಬೆರಳುಗಳನ್ನು ಮೀನಖಂಡದಲ್ಲಿ ಊರಿ ಕೆಳಗಿನಿಂದ ಮೇಲಕ್ಕೆ ಒತ್ತುತ್ತ ಹೋದಳು. ನನಗೆ ಕಣ್ಣು ಮುಚ್ಚಿಬಂತು. ಹಾಡಿನ ಮೇಲೆ ಹಾಡು ನಡೆಯಿತು, ಆಯಿ ಬಿಡಲಿಲ್ಲ.

"ಎಷ್ಟೊತ್ತವ್ವಾ ಅದು?" ಅಂದರು ದೊಡ್ಡವ್ವ. "ಅರಿಷಿಣ ಹಚ್ಚತೀರೋ, ಗ್ವಾಡಿ ಸಾರಸ್ತೀರೋ? ಬಿಡ್ರಿ ಸಾಕು, ಉಡಿ ತುಂಬೂಣು."

ನಗೆ ಎದ್ದಿತು. ಆಯಿ ಕೈ ತೆಗೆಯಲೇಬೇಕಾಯಿತು.

ಅತ್ತೆ ನನ್ನ ಸೆರಗಿಗೆ ಅಕ್ಕಿ ಸುರಿದರು, ಉತ್ತತ್ತಿ, ಅಡಿಕೆ, ಅರಿಷಿಣ ಕೊಂಬು, ಮೇಲೊಂದು ತೆಂಗಿನಕಾಯಿ ಇಟ್ಟರು. ತುಂಬಿದ ಉಡಿಯನ್ನು ಎರಡೂ ಕೈಯಿಂದ ಹಿಡಿದಿದ್ದೆ. ಹಿಡಿದ ಕೈ ಬಿಡುವಂತಿಲ್ಲ, ಕಾಲು ಉಜ್ಜಿಕೊಳ್ಳುವಂತಿಲ್ಲ, ಆರತಿ ಆಗುವ ತನಕ ಏಳುವಂತಿಲ್ಲ. ಒಳಗೆ ನೂಲು ಎಳೆಯುವುದು ಜೋರಾಯಿತು. ಹಲ್ಲು ಕಚ್ಚಿದೆ. ಬೆನ್ನಿನಲ್ಲಿ ಬೆವರು ಇಳಿಯಿತು. ಆರತಿಗೆ ಬತ್ತಿ ಹತ್ತುತ್ತಿರಲಿಲ್ಲ. ಅತ್ತೆ ಕಡ್ಡಿ ಗೀರುತ್ತಲೇ ಇದ್ದರು.

ಎದ್ದು ನಿಂತೆ. ನಿಲ್ಲಬೇಕು ಎಂದು ನಿಂತದ್ದಲ್ಲ, ಕಾಲು ನಿಲ್ಲಿಸಿದವು. ತೆಂಗಿನಕಾಯಿ ಉಡಿಯಿಂದ ಜಾರಿ ನೆಲಕ್ಕೆ ಬಿದ್ದು ಉರುಳಿಕೊಂಡು ಹೋಗಿ ದೊಡ್ಡವ್ವನ ಕಾಲ ಹತ್ತಿರ ನಿಂತಿತು. ಹಾಡು ನಿಂತಿತು. ಉಡಿಯಿಂದ ಕಾಯಿ ಬಿದ್ದರೆ ಅದರ ಅರ್ಥವೇನು ಎಂದು ಆ ಪಡಸಾಲೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ನೆಗೆಣ್ಣಿ ಬಾಯಿಗೆ ಸೆರಗು ಒತ್ತಿಕೊಂಡಳು.

"ನೋಡ್ರಿ," ಅಂದರು ದೊಡ್ಡವ್ವ, ಮೆಲ್ಲಗೆ. "ಮನಿ ಲಕ್ಷ್ಮಿನ ಕಾಲಾಗ ಒದ್ದ ಕಳಸೂದು ಅಂದ್ರ ಇದs."

ಆಯಿ ನೆಲದಿಂದ ಏಳದೆಯೇ ಅವರ ಕಡೆ ತಿರುಗಿದಳು. "ನಿಮ್ಮ ಮನ್ಯಾಗ ಕಾಲ ಆಡಿದ್ರ ಲಕ್ಷ್ಮಿ ಹೋಗತಾಳೇನೋ. ನಮ್ಮ ಮನ್ಯಾಗ ಕಾಲ ನಿಂತ್ರ ಅಕಿ ಹೋಗೂದು. ನೀವೂ ನೇಕಾರರ ಮಂದಿನs. ನಿಮ್ಮಜ್ಜನೂ ಮಗ್ಗದ ಕುಣ್ಯಾಗ ಕಾಲ ಇಳಿಬಿಟ್ಟಾಂವನs, ಮರತ್ರೇನು?"

"ನಮ್ಮಜ್ಜ ಬಸರ ಇರಲಿಲ್ಲ ಬಿಡವ್ವಾ," ಅಂದರು ದೊಡ್ಡವ್ವ.

ಬೇರೆ ದಿನವಾಗಿದ್ದರೆ ಈ ಮಾತಿಗೆ ಪಡಸಾಲೆ ಬಿದ್ದು ಬಿದ್ದು ನಗುತ್ತಿತ್ತು. ಅಂದು ಯಾರೂ ನಗಲಿಲ್ಲ. ನಾನು ಉಡಿ ಹಿಡಿದು ನಿಂತೇ ಇದ್ದೆ, ಮಣೆಯ ಮೇಲೆ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತ. ಕೂಡಲೂ ಆಗದು, ಇಳಿಯಲೂ ಆಗದು. ಆಗ ಅತ್ತೆ ಬಾಗಿ ಕಾಯಿಯನ್ನು ಎತ್ತಿಕೊಂಡರು, ಸೆರಗಿನಿಂದ ಒರೆಸಿದರು, ನನ್ನ ಉಡಿಯಲ್ಲಿ ಮತ್ತೆ ಇಟ್ಟು ಸೆರಗಿನ ತುದಿ ಬಿಗಿದು ಸೊಂಟಕ್ಕೆ ಸಿಕ್ಕಿಸಿದರು.

"ನಿಂತs ಆರತಿ ಆಗಲಿ," ಅಂದರು. "ಹಾಡ್ರಿ, ಯಾಕ ಬಿಟ್ರಿ?"

ನಿಂತ ಬಸುರಿಗೆ ಆರತಿ ಎತ್ತಿದ್ದನ್ನು ಅದಕ್ಕೂ ಮೊದಲು ನಾನು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಆರತಿಯಾಯಿತು, ಆದರೆ ಕಳಿಸುವ ಮಾತು ಆಗಲಿಲ್ಲ. ಹೋಳಿಗೆ ಊಟ ಮುಗಿಯಿತು. ಅವ್ವ ಚೀಲ ಕಟ್ಟಲೋ ಬೇಡವೋ ಎಂದು ಕೂತಳು. ಅಡುಗೆಮನೆಯಲ್ಲಿ ದೊಡ್ಡವ್ವ ಪಟ್ಟು ಬಿಡಲಿಲ್ಲ: ಬಸ್ಸು, ಮಣ್ಣ ರಸ್ತೆ, ಅದರಲ್ಲಿ ಈ ಕಾಲು, ಕೂಸು ಉಳಿದೀತೇ? ಹಿಂದಿನದು ನೆನಪಿದೆಯಲ್ಲ? ಗೋಡೆಯ ಈಚೆ ಕೂತ ನಾನು ಎಲ್ಲ ಕೇಳುತ್ತಿದ್ದೆ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು.

ಪಾತ್ರೆ ತಿಕ್ಕುತ್ತಿದ್ದ ನೆಗೆಣ್ಣಿ ಕೈ ನಿಲ್ಲಿಸಿದ್ದು ಸಪ್ಪಳ ನಿಂತದ್ದರಿಂದ ತಿಳಿಯಿತು. ಆ ಮಾತನ್ನು ಅವಳು ಎಂದೂ ಎತ್ತಿದವಳಲ್ಲ, ನಾವೂ ಎತ್ತುತ್ತಿರಲಿಲ್ಲ.

"ಅತ್ತಿ, ಅದು ಬಸ್ಸಿನ್ಯಾಗ ಹೋಗಲಿಲ್ಲ," ಅಂದಳು. "ಮುಂಡರಗಿಯಿಂದ ಬಂದ ಮ್ಯಾಲ ನೀವು ಏಳಬ್ಯಾಡ ಅಂದಿದ್ರಿ. ನಾ ಎದ್ದಿರಲಿಲ್ಲ. ಕಾಲ ಮಡಚಿ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ದೆ. ಸುಮ್ಮನ ಮಲಗಿದಾಗನs ಹೋತು."

ಆಮೇಲೆ ಪಾತ್ರೆಯ ಸಪ್ಪಳ ಮತ್ತೆ ಶುರುವಾಯಿತು. ಅತ್ತೆ ಹೊರಗೆ ಬಂದು ಅವ್ವನಿಗೆ, ಚೀಲ ಕಟ್ಟಿರಿ, ನಾನೂ ಬರುತ್ತೇನೆ ಅಂದರು. ದೊಡ್ಡವ್ವ ಮತ್ತೆ ಕಂಬಕ್ಕೆ ಬಂದು ಕೂತವರು ಏಳಲಿಲ್ಲ, ನಮಸ್ಕಾರ ಮಾಡಿದಾಗ ಮಾತ್ರ ನನ್ನ ತಲೆಯ ಮೇಲೆ ಕೈಯಿಟ್ಟರು.

ಆ ಬಸ್ಸಿನ ಪಯಣ ನೆನೆದರೆ ಇಂದಿಗೂ ನಗೆ ಬರುತ್ತದೆ, ಅಂದು ಬಂದಿರಲಿಲ್ಲ. ಕೂತರೆ ಕಾಲು ಕೇಳುವುದಿಲ್ಲ, ಹಾಗಾಗಿ ಕಂಬಿ ಹಿಡಿದು ನಿಂತೆ. ಹಸಿರು ಸೀರೆ, ಕೈತುಂಬ ಬಳೆ, ತುಂಬಿದ ಹೊಟ್ಟೆ. ಬಸ್ಸಿನ ಮಂದಿಯೆಲ್ಲ ಎದ್ದು ಎದ್ದು ಜಾಗ ಕೊಟ್ಟರು. ಬೇಡ ಅಂದೆ. ಕಂಡಕ್ಟರು ಒಬ್ಬ ಮುದುಕನನ್ನು ಬೈದು ಎಬ್ಬಿಸಿದ. ಆ ಮುದುಕ ನಮ್ಮತ್ತೆಯನ್ನು ಬೈದ, ಬಸುರಿ ಸೊಸೆಯನ್ನು ನಿಲ್ಲಿಸಿ ತಾನು ಕೂತಿದ್ದಾಳೆ ಎಂಥ ಹೆಂಗಸು ಎಂದು. ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಗದಗಿನ ತನಕ ಬೈಗುಳ ಕೇಳಿಕೊಂಡೇ ಕೂತರು. ಪ್ರತಿ ತಗ್ಗಿಗೂ ಅವರ ಕೈ ಮಾತ್ರ ನನ್ನ ಸೊಂಟದ ಹಿಂದೆ ಬರುತ್ತಿತ್ತು.

ಬಿಟ್ಟು ಹೋಗುವಾಗ ಅತ್ತೆ ಅವ್ವನಿಂದ ಮಾತು ತಗೊಂಡರು: ಕಾವಿನದು ತಿನಿಸಬಾರದು, ಮಗ್ಗಕ್ಕೆ ಕೂಡಿಸಬಾರದು, ದವಾಖಾನೆಯ ಗುಳಿಗೆ ಕೊಡಬಾರದು, ಗುಳಿಗೆ ತಿಂದರೆ ಕೂಸು ಕಪ್ಪಾಗುತ್ತದೆ. ಅವ್ವ ಕೊಟ್ಟ ಮಾತಿಗೆ ಅಂಜುವವಳು. ಹಾಗಾಗಿ ತವರಿಗೆ ಬಂದರೂ ಕಾಲಿನ ಹಣೆಬರಹ ಬದಲಾಗಲಿಲ್ಲ. ಕಟ್ಟುವವರು ಇರಲಿಲ್ಲ, ಅಷ್ಟೇ ಸುಖ. ಹೊತ್ತು ಮುಳುಗಿದರೆ ಅಂಗಳದಲ್ಲಿ ತಿರುಗುತ್ತಿದ್ದೆ, ಆಯಿ ತಣ್ಣೀರು ಸುರಿದು ಕಾಲು ತಿಕ್ಕುತ್ತಿದ್ದಳು, ಸ್ವಲ್ಪ ಹೊತ್ತು ತಣ್ಣಗಾಗುತ್ತಿತ್ತು. ಒಂದು ದಿನ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತ ಕೂತವಳು ಎದ್ದಾಗ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದೆ. ಆಯಿ ಅವ್ವನ ಮಾತು ಕೇಳಲಿಲ್ಲ. ಗದಗಿನ ದವಾಖಾನೆಗೆ ಕರೆದುಕೊಂಡು ಹೋದಳು.

ಡಾಕ್ಟರ್ ಬಾಯಿ ನನ್ನ ಕೆಳಗಿನ ರೆಪ್ಪೆ ಎಳೆದು ನೋಡಿ, ರಕ್ತ ಬಹಳ ಕಡಿಮೆ ಅಂದರು. ಕಾಲಿನ ಮಾತು ಹೇಳಿದಾಗ, ರಕ್ತ ಕಡಿಮೆ ಇದ್ದ ಬಸುರಿಯರಲ್ಲಿ ಹೀಗೆ ಕಂಡಿದ್ದೇನೆ, ಗುಳಿಗೆ ತಗೊ, ನೋಡೋಣ ಅಂದರು. ಗುಣ ಆಗೇ ಆಗುತ್ತದೆ ಅನ್ನಲಿಲ್ಲ. ಕಾಲಾಡಿದರೆ ಕೂಸಿಗೆ ಏನಾದರೂ ಆದೀತೇ ಎಂದು ಕೇಳಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡು ಹೋಗಿದ್ದೆ. ಹಿಂದೆ ಸಾಲು ನಿಂತಿತ್ತು. ಕೇಳದೆ ಬಂದೆ.

ಕೂಸು ಕಪ್ಪಾಗುತ್ತದೆ ಎಂದು ಅವ್ವ ಅತ್ತಳು. ಕಪ್ಪಾದರೂ ಆಗಲಿ, ಬದುಕಿರಲಿ ಎಂದು ನಾನು ನುಂಗಿದೆ. ನುಂಗಿದ್ದು ಚಹಾದ ಜೊತೆ. ನಮ್ಮ ಕಡೆ ಗುಳಿಗೆ ಅಂದರೆ ಚಹಾದ ಜೊತೆಯೇ. ನೀರಿನಲ್ಲಿ ನುಂಗುವುದು ಯಾರಿಗೂ ಹೊಳೆಯುವ ಮಾತಲ್ಲ. ಆಯಿ ಅಕ್ಕರೆಯಿಂದ ಗುಳಿಗೆಗೆಂದೇ ಬೇರೆ ಚಹಾ ಕುದಿಸುತ್ತಿದ್ದಳು, ಮದ್ದು ಚೆನ್ನಾಗಿ ಇಳಿಯಲಿ ಎಂದು ಇನ್ನಷ್ಟು ಪುಡಿ ಹಾಕಿ. ದಿನ ಕಳೆದವು. ಕಾಲು ಮೊದಲಿನಂತೆಯೇ. ಗುಳಿಗೆಯೂ ಸೋತಿತು ಅಂದುಕೊಂಡೆ.

ಆ ದಿನಗಳಲ್ಲೇ ಒಂದು ಸಂಜೆ. ಮುಂಜಾನೆಯಿಂದ ಕೂಸು ಆಡಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ನೆನಪಾಗಿ ಕೈಯಿಟ್ಟು ನೋಡಿದೆ, ಇಲ್ಲ. ದೀಪ ಹಚ್ಚುವ ಹೊತ್ತಾಯಿತು, ಇಲ್ಲ. ಯಾರಿಗೂ ಹೇಳಲಿಲ್ಲ, ಹೇಳಿದರೆ ಖರೆ ಆಗುತ್ತದೆ ಅನ್ನಿಸಿತ್ತು. ಅಂಗಳದಲ್ಲಿ ನಿಂತುಬಿಟ್ಟಿದ್ದ ನನ್ನ ಮುಖ ನೋಡಿ ಆಯಿಯೇ ಕೇಳಿದಳು, ಕೂಸು ಯಾವಾಗಿನಿಂದ ಆಡಿಲ್ಲ ಎಂದು. ಹೇಳಿದೆ. ಅವಳು ಅವ್ವನನ್ನು ಕರೆಯಲಿಲ್ಲ. ಬೆಲ್ಲದ ಹೆಂಟೆ ಒಡೆದು ತಣ್ಣೀರಲ್ಲಿ ಕರಗಿಸಿ ಕುಡಿಸಿದಳು. ಕಾವು ಅಲ್ಲವೇ ಅಂದರೆ, ಸುಮ್ಮನೆ ಕುಡಿ ಅಂದಳು. ಪಡಸಾಲೆಯಲ್ಲಿ ಎಡಮಗ್ಗುಲಿಗೆ ಮಲಗಿಸಿದಳು.

ಮಲಗಿದ ಕೂಡಲೇ ಕಾಲು ಶುರು. ಕಾಲು ಆಡುತ್ತಿದ್ದರೆ ಹೊಟ್ಟೆಯೊಳಗಿನದು ತಿಳಿಯುವುದಿಲ್ಲ. ಅಷ್ಟು ದಿನ ದೊಡ್ಡವ್ವನಿಗಾಗಿ, ಅತ್ತೆಗಾಗಿ ಹಿಡಿಯಲಾಗದ ಕಾಲನ್ನು ಆಗ ಹಿಡಿದೆ. ಹೇಗೆ ಹಿಡಿದೆ ಎಂದು ತಿಳಿಯದು. ಆಯಿ ನನ್ನ ಎರಡೂ ಮೀನಖಂಡಗಳನ್ನು ತನ್ನ ತೊಡೆಯ ಮೇಲಿಟ್ಟು ಒಂದು ಕೈಯಿಂದ ಒತ್ತಿಹಿಡಿದು, ಇನ್ನೊಂದು ಕೈಯನ್ನು ನನ್ನ ಹೊಟ್ಟೆಯ ಮೇಲಿಟ್ಟು ಕೂತಳು. ಒಳಮನೆಯಲ್ಲಿ ಅಜ್ಜನ ಮಗ್ಗದ ಲಾಳಿ ಓಡಾಡುವ ಸಪ್ಪಳ ಒಂದೇ. ಕಾಲೊಳಗೆ ನೂಲು ಎಳೆದು ಎಳೆದು ಇನ್ನೇನು ಹರಿಯುತ್ತದೆ ಅನ್ನುವಾಗ ಪಕ್ಕೆಯ ಕೆಳಗೆ ಒಂದು ಒದೆತ. ಸಣ್ಣದು. ಆಮೇಲೆ ಇನ್ನೊಂದು, ಸಿಟ್ಟಿನಿಂದ ಒದ್ದಂತೆ.

ಆಯಿ ಕೈ ತೆಗೆಯಲಿಲ್ಲ. "ಇದರ ಕಾಲೂ ನಿನ್ನಂಗನs ಅದಾವು," ಅಂದಳು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮರುದಿನವೇ ದವಾಖಾನೆಗೆ ಹೋದೆವು. ಕೂಸಿನ ಎದೆ ಬಡಿತ ಚೆನ್ನಾಗಿದೆ ಅಂದರು ಡಾಕ್ಟರ್ ಬಾಯಿ. ಇನ್ನೊಮ್ಮೆ ಹೀಗಾದರೆ ಮನೆಯಲ್ಲಿ ಕೂಡಬೇಡಿ, ಆಗಲೇ ಬನ್ನಿ ಎಂದು ಆಯಿಯನ್ನು ಗದರಿಸಿದರು. ಈ ಸಲ ಕೇಳಿದೆ. ಕಾಲಾಡಿಸಿದರೆ ಕೂಸು ಬೀಳುವುದಿಲ್ಲ ಅಂದರು, ಇದೇನು ಕೇಳುವ ಮಾತೇ ಎಂಬಂತೆ. ಆಮೇಲೆ ಗುಳಿಗೆ ಹೇಗೆ ತಗೊಳ್ಳುತ್ತೀ ಅಂದರು. ಆಯಿ ಹೆಮ್ಮೆಯಿಂದ ಚಹಾದ ಮಾತು ಹೇಳಿದಳು. ಅವರು ಪೆನ್ನು ಕೆಳಗಿಟ್ಟರು. ಚಹಾ ಆ ಗುಳಿಗೆಯನ್ನು ಮೈಗೆ ಹತ್ತಗೊಡುವುದಿಲ್ಲ, ಲಿಂಬೆಹುಳಿ ಹಿಂಡಿದ ನೀರಲ್ಲಿ ನುಂಗು, ಚಹಾ ಬಿಟ್ಟರೆ ನಿದ್ದೆಗೂ ಒಳ್ಳೆಯದು ಅಂದರು. ಹೊರಗೆ ಬಂದ ಮೇಲೆ ಆಯಿ ನನಗಿಂತ ಮುಂದೆ ಮುಂದೆ ನಡೆದಳು. "ನಾನs ಕುದಿಸಿ ಕುದಿಸಿ ಹಾಕಿದ್ನಲ್ಲs," ಅಂದಳು ಕೊನೆಗೆ.

ಚಹಾ ಬಿಟ್ಟದ್ದಕ್ಕೆ ಮೊದಮೊದಲು ತಲೆ ಸಿಡಿಯಿತು. ಸಜ್ಜೆ ರೊಟ್ಟಿ, ಎಳ್ಳು ಕುಟ್ಟಿದ ಹಿಂಡಿ, ಬೆಲ್ಲ, ಸೊಪ್ಪಿನ ಪಲ್ಯ ತಾಟಿಗೆ ಬಂದವು. ಅವ್ವ ಬಡಿಸುವಾಗ ಮುಖ ತಿರುಗಿಸುತ್ತಿದ್ದಳು, ತಾನು ನೋಡದಿದ್ದರೆ ಮಾತು ತಪ್ಪಿದಂತಾಗುವುದಿಲ್ಲ ಅನ್ನುವ ಹಾಗೆ. ಸಂಜೆಗೆ ಆಯಿ ಇನ್ನೊಂದು ಹಾದಿ ಹುಡುಕಿದಳು. ಸೋದರಮಾವ ವಿದ್ಯುತ್ ಮಗ್ಗದ ಕಾರಖಾನೆಗೆ ಹೋಗಲು ಶುರುಮಾಡಿದ ಮೇಲೆ ಅವನ ಮಗ್ಗ ಖಾಲಿ ಬಿದ್ದಿತ್ತು, ಹಾಸು ನೂಲಿಲ್ಲ, ಬಟ್ಟೆಯಿಲ್ಲ. ಅದರ ಕುಣಿಯ ಅಂಚಿಗೆ ದಿಂಬು ಹಾಕಿ ನನ್ನನ್ನು ಕೂಡಿಸಿದಳು. ಕಾಲು ಇಳಿಬಿಟ್ಟು ಕೆಳಗಿನ ತುಳಿಹಲಗೆಗಳನ್ನು ಒಂದಾದ ಮೇಲೊಂದು ಮೆಲ್ಲಗೆ ಒತ್ತುತ್ತಿದ್ದೆ. ಏನೂ ನೇಯದ ಮಗ್ಗ, ಕಟಕ್ ಕಟಕ್. ಮಗ್ಗಕ್ಕೆ ಕೂಡಿಸುವುದಿಲ್ಲ ಎಂದು ಬೀಗಿತ್ತಿಗೆ ಮಾತು ಕೊಟ್ಟಿದ್ದೇನೆ ಎಂದು ಅವ್ವ ಗೊಣಗಿದರೆ, ನೂಲಿಲ್ಲದ್ದು ಮಗ್ಗ ಹೇಗಾದೀತು, ಕಟ್ಟಿಗೆ ಅದು ಎಂದಳು ಆಯಿ.

ತಿಂಗಳು ತುಂಬುವ ಹೊತ್ತಿಗೆ ನೂಲು ಎಳೆಯುವುದು ಸಡಿಲಾಗಿತ್ತು. ಪೂರ್ತಿ ಹೋಗಿರಲಿಲ್ಲ. ಗುಳಿಗೆಯಿಂದಲೋ, ಸಜ್ಜೆಯಿಂದಲೋ, ಚಹಾ ಬಿಟ್ಟದ್ದರಿಂದಲೋ, ಬರೇ ಅಂಜಿಕೆ ಬಿಟ್ಟದ್ದರಿಂದಲೋ, ನಾನು ಹೇಳಲಾರೆ. ಹೆಣ್ಣು ಕೂಸು ಹುಟ್ಟಿತು, ಗಟ್ಟಿಯಾಗಿ ಅತ್ತಿತು. ಹೆತ್ತ ಕೆಲವು ದಿನಕ್ಕೆ, ಮಲಗಿದವಳು ಬೆಳಗಾದ ಮೇಲೆ ಎದ್ದೆ. ಕಾಲು ಇದ್ದವು ಎಂಬುದೇ ಮರೆತಿತ್ತು.

ತೊಟ್ಟಿಲಿಗೆ ಹಾಕುವ ದಿನ ಅತ್ತೆ ಲಕ್ಷ್ಮೇಶ್ವರದಿಂದ ಬಂದರು, ದೊಡ್ಡವ್ವನನ್ನೂ ಕರೆದುಕೊಂಡು. ಅತ್ತೆ ಕೂಸನ್ನು ಬೆಳಕಿಗೆ ಹಿಡಿದು ಬಣ್ಣ ನೋಡಿದರು, ಆಮೇಲೆ ಎದೆಗೆ ಅವುಚಿಕೊಂಡರು. ಹೆಸರಿಟ್ಟು, ಊಟವಾಗಿ, ಬಂದವರು ಅಲ್ಲಲ್ಲಿ ಒರಗಿದರು. ಕೂಸು ಮಾತ್ರ ಮಲಗದೆ ಚೀರುತ್ತಿತ್ತು. ದೊಡ್ಡವ್ವ ತೊಟ್ಟಿಲ ಪಕ್ಕದ ಕಂಬಕ್ಕೆ ಬೆನ್ನು ಕೊಟ್ಟು ಕೂತರು. ತೊಟ್ಟಿಲ ಹಗ್ಗದ ತುದಿಯನ್ನು ತಮ್ಮ ಕಾಲ ಹೆಬ್ಬೆರಳಿಗೆ ಸುತ್ತಿಕೊಂಡು, ಎಲೆ ಅಡಿಕೆ ಮೆಲ್ಲುತ್ತ, ಬಿಸಿಲು ಇಳಿಯುವ ತನಕ ಕಾಲಾಡಿಸುತ್ತ ತೂಗಿದರು.